ಹಳೇ ಸ್ವಿಫ್ಟ್‌ಗೆ ಹೊಸ ಸ್ಪೀಕರ್: ಡಬ್ಬಿ ಮೇಲಿನ ವಾಟ್ ನೋಡಬೇಕೋ, ಬಾಗಿಲು ನೋಡಬೇಕೋ?

ಟಿಳಕವಾಡಿ ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ನಮ್ಮದು 2008ರ ಪೆಟ್ರೋಲ್ ಸ್ವಿಫ್ಟ್, ಕೆಎ-22 ಪಾಸಿಂಗ್. 15 ವರ್ಷ ತುಂಬಿದಾಗ ಆರ್‌ಟಿಒದಲ್ಲಿ ಮತ್ತೆ 5 ವರ್ಷಕ್ಕೆ ರಿನ್ಯೂವಲ್ ಮಾಡಿಸಿದ್ದೇನೆ. ಎಂಜಿನ್, ಬಾಡಿ ಎರಡೂ ಗಟ್ಟಿ ಇವೆ. ಮಾರುವ ಮನಸ್ಸಿಲ್ಲ.

ತೊಂದರೆ ಸ್ಪೀಕರಿನದು. ಮುಂದಿನ ಎಡಬಾಗಿಲಿನ ಸ್ಪೀಕರ್, ತಬಲಾದ ಡಗ್ಗಾ ಬಿದ್ದಾಗಲೆಲ್ಲ ಗರ್ರ್ ಅನ್ನುತ್ತದೆ. ಬಲಗಡೆಯದು ಗರ್ರ್ ಅನ್ನುವುದಿಲ್ಲ, ಆದರೆ ಗಾಯಕರು ಕಂಬಳಿ ಹೊದ್ದುಕೊಂಡು ಹಾಡಿದಂತೆ ಕೇಳಿಸುತ್ತದೆ. ಹಿಂದಿನ ಬಾಗಿಲಿನ ಎರಡೂ ನಡೆಯುತ್ತಿವೆ. ಡೆಕ್ ಸಾದಾ ಬ್ಲೂಟೂತ್ ಡೆಕ್, ಮುಖದ ಮೇಲೆ 50 ವಾಟ್ x 4 ಎಂದು ಬರೆದಿದೆ.

ಅಂಗಡಿಯಲ್ಲಿ ಕೇಳಿದರೆ ನಾಲ್ಕೂ ಬಾಗಿಲಿಗೆ ಹೊಸ ಸ್ಪೀಕರ್, ಡಿಕ್ಕಿ ತಟ್ಟೆಯ ಮೇಲೆ ಸಿಕ್ಸ್ ಬೈ ನೈನ್ (6x9 ಇಂಚಿನ ಮೊಟ್ಟೆಯಾಕಾರದ ಸ್ಪೀಕರ್) ಜೋಡಿ, ಮೇಲೊಂದು ಬಾಸ್ ಟ್ಯೂಬ್ (ಕೆಳಸ್ವರಕ್ಕೆಂದೇ ಇರುವ ಕೊಳವೆಯಂಥ ಸ್ಪೀಕರ್ ಡಬ್ಬಿ) ಎಂದರು. 'ಹಳೇ ಗಾಡಿ ಸರ, ಇಷ್ಟು ಹಾಕದಿದ್ದರೆ ಏನೂ ಕೇಳಿಸುವುದಿಲ್ಲ' ಅಂತ. ನನ್ನ ಕೈಯಲ್ಲಿರುವುದು 8 ಸಾವಿರ. ನಾನು ಕೇಳುವುದು ಜಾಸ್ತಿ ಗಾಯನ. ಕುಮಾರ ಗಂಧರ್ವ, ಮಲ್ಲಿಕಾರ್ಜುನ ಮನ್ಸೂರ, ವಚನಗಳು. ಮಗಳು ಜೊತೆಗಿದ್ದರೆ ಅವಳ ಹಾಡು. ಆಗಾಗ ಯರಗಟ್ಟಿ, ಲೋಕಾಪುರದ ಮೇಲೆ ಬಾಗಲಕೋಟೆಗೆ ಹೋಗುತ್ತೇವೆ. ದಾರಿ ತುಂಬ ಹಾಡು ಬೇಕು. ಏನು ಕೊಳ್ಳಲಿ?

ಉದ್ಯಮಬಾಗ ಕಾಕಾ

ಕೊಳ್ಳುವ ಮೊದಲು ರೋಗ ಯಾವುದು ಅಂತ ಗೊತ್ತು ಮಾಡಿಕೊಳ್ಳಿ ಸರ. ಗರ್ರ್ ಅಂದ ಕೂಡಲೇ ಸ್ಪೀಕರ್ ಹೋಗಿದೆ ಅಂತ ಹೇಳುವುದು ಅಂಗಡಿಯವರಿಗೆ ಸುಲಭ.

ಡೆಕ್ ಹೊರಗೆ ಎಳೆದು, ಹಿಂದಿನ ವೈರಿನಲ್ಲಿ ಮುಂದಿನ ಎಡ-ಬಲ ಅದಲುಬದಲು ಮಾಡಿ. ಈಗಿನ ಡೆಕ್‌ಗಳಲ್ಲಿ ಬಿಳಿ ವೈರ್ ಮುಂದಿನ ಎಡಕ್ಕೆ, ಬೂದು ಬಣ್ಣದ್ದು ಮುಂದಿನ ಬಲಕ್ಕೆ. ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಮೈನಸ್. ಬದಲಿಸಿದ ಮೇಲೂ ಎಡ ಬಾಗಿಲೇ ಗರ್ರ್ ಅಂದರೆ ತಪ್ಪು ಬಾಗಿಲಲ್ಲಿದೆ. ಸದ್ದು ಬಲಕ್ಕೆ ಹೋದರೆ ಡೆಕ್ಕಿನ ಚಾನೆಲ್ಲೇ ಕೆಟ್ಟಿದೆ, ಆಗ ಎಷ್ಟು ದುಬಾರಿ ಸ್ಪೀಕರ್ ತಂದರೂ ಹಾಗೇ ಕೂಗುತ್ತದೆ.

ಬಾಗಿಲಿನದೇ ಆದರೆ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಮುಚ್ಚಳ, ಬಿಚ್ಚಿ. ಎರಡೂ ಕೈಯ ಬೆರಳುಗಳಿಂದ ಕೋನನ್ನು (ಸ್ಪೀಕರಿನ ನಡುವೆ ಅದುರುವ ಭಾಗ) ಸಮವಾಗಿ ಮೆಲ್ಲಗೆ ಒಳಗೆ ಒತ್ತಿ. ಕರಕರ ಅಂತ ಉಜ್ಜಿದರೆ ಒಳಗಿನ ಕಾಯಿಲ್ ತಿಕ್ಕುತ್ತಿದೆ. ಸದ್ದಿಲ್ಲದೆ ಓಡಾಡಿದರೆ ಕಾಯಿಲ್ ಸರಿ ಇದೆ, ಆಗ ಪ್ಯಾಡಿನ ಕ್ಲಿಪ್ಪು, ಲಾಕ್ ರಾಡು, ಸಡಿಲಾದ ಸ್ಕ್ರೂ ಹುಡುಕಿ. ಮತ್ತೆ ಬಾಗಿಲು ತೆರೆದು ಮುಚ್ಚುವಾಗ ಹಾಡು ಕಟ್ ಆಗಿ ಬರುತ್ತಿದ್ದರೆ, ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಕೊಳವೆಯಲ್ಲಿ ವೈರ್ ಮುರಿದಿರುತ್ತದೆ. ಹಳೇ ಗಾಡಿಯಲ್ಲಿ ಇದು ಭಾಳ ಸಾಮಾನ್ಯ.

ಜಮಖಂಡಿ 48

ಕಾಕಾ, ಅದೆಲ್ಲ ಸರಿ. ಆದರೆ ಹಾಕುವುದೇ ಆದರೆ ದೊಡ್ಡದೇ ಹಾಕಬೇಕಲ್ವಾ? ನಮ್ಮ ಗೆಳೆಯನ ಗಾಡಿಯಲ್ಲಿ 400 ವಾಟಿನವು ಇವೆ. ಡೆಕ್ 50 ವಾಟ್ ಕೊಡುತ್ತದೆ ಅಂದ ಮೇಲೆ ಸ್ಪೀಕರ್ ಅದಕ್ಕಿಂತ ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೇದು ಅಂತ ಕೇಳಿದ್ದೇನೆ.

ನವನಗರ ಮೇಷ್ಟ್ರು

ತಮ್ಮಾ, ಈ ವಾಟಿನ ಲೆಕ್ಕವನ್ನು ಒಮ್ಮೆ ಕೂತು ಮಾಡೋಣ. ಹತ್ತನೇ ಕ್ಲಾಸಿನ ಗಣಿತ ಸಾಕು.

ಎಂಜಿನ್ ಓಡುವಾಗ ಗಾಡಿಯಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಡೆಕ್ಕಿನೊಳಗಿನ ಆಂಪ್ಲಿಫೈಯರ್ ಚಿಪ್ ಅದರಾಚೆಗೆ ಹೋಗಲು ಆಗುವುದಿಲ್ಲ. ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ 4 ಓಮ್. ಶುದ್ಧವಾದ ಅಲೆಗೆ ಸಿಗುವ ಶಕ್ತಿ ಅಂದರೆ ವೋಲ್ಟಿನ ವರ್ಗವನ್ನು ಓಮಿನ ಎರಡರಷ್ಟರಿಂದ ಭಾಗಿಸಬೇಕು. 14.4ರ ವರ್ಗ 207. ಅದನ್ನು 8ರಿಂದ ಭಾಗಿಸಿದರೆ ಹತ್ತಿರ ಹತ್ತಿರ 26 ವಾಟ್. ಚಿಪ್ಪಿನಲ್ಲಿ ಕಳೆಯುವುದನ್ನು ತೆಗೆದರೆ 20ರ ಆಸುಪಾಸು. ಮುಖದ ಮೇಲಿನ 50, ಅಲೆಯನ್ನು ಚಪ್ಪಟೆ ಮಾಡಿ ಹಿಂಡಿದಾಗ ಕ್ಷಣಕಾಲ ಸಿಗುವ ಸಂಖ್ಯೆ. ಒಳ್ಳೇ ಕಂಪನಿಗಳು ಮ್ಯಾನ್ಯುಯಲ್‌ನ ಒಳಗೆ ಆರ್‌ಎಂಎಸ್ ಅಂತ ನಿಜವಾದ ಸಂಖ್ಯೆಯನ್ನೂ ಬರೆದಿರುತ್ತಾರೆ, ಹುಡುಕಿ ನೋಡು.

ಹಾಗಾಗಿ ಡೆಕ್ ಬಿಟ್ಟು ಬೇರೆ ಆಂಪ್ (ಆಂಪ್ಲಿಫೈಯರ್) ಇಲ್ಲದ ಗಾಡಿಯಲ್ಲಿ ಸ್ಪೀಕರ್ 400 ವಾಟ್ ತಡೆಯುತ್ತದೋ 150 ತಡೆಯುತ್ತದೋ ಅನ್ನುವುದರಿಂದ ಏನೂ ಬದಲಾಗದು. ಆ ಸಂಖ್ಯೆ, ಎಷ್ಟರ ಮೇಲೆ ಸ್ಪೀಕರ್ ಸುಡುತ್ತದೆ ಅನ್ನುವುದಕ್ಕೆ. ಎಷ್ಟು ಗಟ್ಟಿಯಾಗಿ ಹಾಡುತ್ತದೆ ಅನ್ನುವುದಕ್ಕಲ್ಲ.

ಅದನ್ನು ಹೇಳುವುದು ಸೆನ್ಸಿಟಿವಿಟಿ. ಡಬ್ಬಿಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಡಿಬಿ ಅಂತ ಇರುತ್ತದೆ. 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಸದ್ದು ಅಂತ. 3 ಡಿಬಿ ಹೆಚ್ಚಿದ್ದರೆ ಅದೇ ಸದ್ದಿಗೆ ಅರ್ಧ ವಾಟ್ ಸಾಕು. 87 ಡಿಬಿಯ ಸ್ಪೀಕರ್ ಒಂದು, 92 ಡಿಬಿಯದು ಇನ್ನೊಂದು ಅಂತಿಟ್ಟುಕೊ. ಎರಡನೆಯದಕ್ಕೆ 20 ವಾಟ್ ಕೊಟ್ಟರೆ ಬರುವ ಸದ್ದು ಮೊದಲನೆಯದರಿಂದ ಬರಬೇಕಾದರೆ 63 ವಾಟ್ ಬೇಕು. ಡೆಕ್ಕಿನ ಹತ್ತಿರ ಅಷ್ಟಿಲ್ಲ. ಗೆಳೆಯನ 400 ವಾಟಿನ ಸ್ಪೀಕರ್ ಮೆಲ್ಲಗೆ ಹಾಡುತ್ತಿದ್ದರೆ ಕಾರಣ ಇದೇ ಇರಬೇಕು.

ಒಂದು ಎಚ್ಚರ. ಕೆಲವರು 1 ವಾಟಿನ ಬದಲು 2.83 ವೋಲ್ಟಿಗೆ ಡಿಬಿ ಕೊಡುತ್ತಾರೆ. 4 ಓಮ್‌ಗೆ 2.83 ವೋಲ್ಟ್ ಅಂದರೆ 2 ವಾಟ್. ಅಲ್ಲಿಗೆ ಕಾಗದದ ಮೇಲೆ 3 ಡಿಬಿ ಪುಕ್ಕಟೆ ಏರಿಬಿಡುತ್ತದೆ. ಎರಡು ಡಬ್ಬಿ ಹೋಲಿಸುವಾಗ ಇದನ್ನು ನೋಡಲೇಬೇಕು.

ಜಮಖಂಡಿ 48

ಸರ್, ಈ ಥರ ಬಿಡಿಸಿ ಯಾರೂ ಹೇಳಿರಲಿಲ್ಲ. ಗೆಳೆಯನಿಗೆ ತೋರಿಸುತ್ತೇನೆ. ಇನ್ನೊಂದು. ಕೆಲವು ಡಬ್ಬಿ ಮೇಲೆ 2 ಓಮ್, 3 ಓಮ್ ಅಂತ ಇರುತ್ತದೆ. ಅದು ಓಮ್ ಕಡಿಮೆ ಇದ್ದಷ್ಟು ಜೋರಾಗಿರುತ್ತದೆಯಾ?

ನವನಗರ ಮೇಷ್ಟ್ರು

ಜೋರಾಗಿರುತ್ತದೆ, ಏಕೆಂದರೆ ಡೆಕ್ಕಿನಿಂದ ಜಾಸ್ತಿ ಕರೆಂಟ್ ಎಳೆಯುತ್ತದೆ. ಆದರೆ ಡೆಕ್ಕಿನ ಮ್ಯಾನ್ಯುಯಲ್‌ನಲ್ಲಿ '4ರಿಂದ 8 ಓಮ್' ಅಂತ ಇದ್ದರೆ ಅದಕ್ಕಿಂತ ಕೆಳಗೆ ಹೋಗಬಾರದು. ನಮ್ಮ ಕಡೆ ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡ್ ಮೊದಲೇ ಕಾದಿರುತ್ತದೆ. ಚಿಪ್ ಇನ್ನೂ ಕಾದು, ದಾರಿ ಮಧ್ಯೆ ಬಂದ್ ಆಗುತ್ತದೆ. ಒಂದೇ ಚಾನೆಲ್ಲಿಗೆ ಎರಡು 4 ಓಮ್ ಸ್ಪೀಕರ್ ಪ್ಯಾರಲಲ್ ಜೋಡಿಸಿದರೂ ಅದು 2 ಓಮ್ ಆದ ಹಾಗೇ. ಅಂಗಡಿಯವರು ಹೇಳಿದ ಸಿಕ್ಸ್ ಬೈ ನೈನ್ ಜೋಡಿಯನ್ನು ಎಲ್ಲಿಗೆ ಕೊಡುತ್ತಾರೆ ಅಂತ ಕೇಳಿ. ಡೆಕ್ಕಿಗಿರುವುದು ನಾಲ್ಕೇ ಚಾನೆಲ್.

ಸೊಲ್ಲಾಪುರ ರೋಡ್ ಅಕ್ಕ

ನಾನು ವಿಜಯಪುರದವಳು, ನಮ್ಮ ಗಾಡಿಯೂ ಹಳೇದೇ. ಇಲ್ಲಿನ ಬಿಸಿಲಿನ ಬಗ್ಗೆ ಎರಡು ಮಾತು ಹೇಳಲೇಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಗಾಜು ಏರಿಸಿ ನಿಲ್ಲಿಸಿದ ಗಾಡಿಯೊಳಗೆ ಕೈ ಇಡಲು ಆಗುವುದಿಲ್ಲ. ಕೋನಿನ ಸುತ್ತ ಇರುವ ಅಂಚು ಫೋಮಿನದಾದರೆ ಇಂಥ ಕಾವಿಗೆ ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ. ಬೆಳಗಾವಿಯವರಿಗೆ ಬಿಸಿಲು ಕಮ್ಮಿ, ಆದರೆ ಮಳೆಗಾಲದ ತೇವ ಇದೆ, ಅದೂ ಫೋಮಿಗೆ ಆಗಿಬರುವುದಿಲ್ಲ. ರಬ್ಬರ್ ಅಂಚಿನದನ್ನೇ ತೆಗೆದುಕೊಳ್ಳಿ. ಕೋನ್ ಪಾಲಿಪ್ರೊಪಿಲಿನ್ ಆದರೆ ನೀರಿಗೆ ಹೆದರುವುದಿಲ್ಲ. ಕಾಗದದ ಕೋನಿನ ಧ್ವನಿ ಚೆನ್ನಾಗಿರುತ್ತದೆ, ಆದರೆ ಬಾಗಿಲಿಗೆ ಹಾಕುವುದಾದರೆ ಮೇಲೆ ಕೋಟಿಂಗ್ ಆಗಿರುವುದೇ ಬೇಕು.

ತಗಡು ಅದುರದಿರಲಿ ಅಂತ ಡ್ಯಾಂಪಿಂಗ್ ಶೀಟ್ ಅಂಟಿಸುತ್ತಾರಲ್ಲ, ಅದರಲ್ಲಿ ಅಗ್ಗದ್ದು ಡಾಂಬರಿನದು. ಕಾದರೆ ವಾಸನೆ, ಮೆತ್ತಗಾಗಿ ಕೆಳಗೆ ಜಾರುತ್ತದೆ. ಕೊಟ್ಟರೆ ದುಡ್ಡು ಬ್ಯೂಟೈಲ್ (ಒಂದು ಬಗೆಯ ರಬ್ಬರ್) ಶೀಟಿಗೆ ಕೊಡಿ, ಮೇಲೆ ಅಲ್ಯೂಮಿನಿಯಂ ಹಾಳೆ ಇರುತ್ತದೆ. ಬಾಗಿಲು ಪೂರ್ತಿ ಹೊದಿಸಬೇಕಿಲ್ಲ. ಸ್ಪೀಕರಿನ ನೇರ ಹಿಂದೆ, ಹೊರ ತಗಡಿನ ಒಳಮೈಗೆ ಒಂದು ದೊಡ್ಡ ತುಂಡು ಸಾಕು.

ಟಿಳಕವಾಡಿ ಸ್ವಿಫ್ಟ್

ಕಾಕಾ ಹೇಳಿದಂತೆ ಅದಲುಬದಲು ಮಾಡಿ ನೋಡಿದೆ. ಡೆಕ್ ಸರಿ ಇದೆ, ತಪ್ಪು ಎಡ ಬಾಗಿಲಿನದೇ. ಇವತ್ತು ಮುಂಜಾನೆ ಪ್ಯಾಡ್ ಬಿಚ್ಚಿದೆ. ನೋಡಿದ್ದನ್ನು ಬರೆಯುತ್ತೇನೆ, ಇನ್ನೊಬ್ಬರಿಗೆ ಉಪಯೋಗ ಆದೀತು.

ಪ್ಯಾಡಿನ ಹಿಂದೆ ತಗಡಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಅರ್ಧ ಹರಿದು ಜೋತುಬಿದ್ದಿತ್ತು. ಹಿಂದೊಮ್ಮೆ ಪವರ್ ವಿಂಡೋ ರಿಪೇರಿ ಮಾಡಿದವರು ಹರಿದು ಹಾಗೇ ಬಿಟ್ಟಿದ್ದಾರೆ. ಸ್ಪೀಕರಿನ ಕೋನ್ ಕಾಗದದ್ದು. ಅಂಚು ಕೆಳಗಡೆ, ಗಡಿಯಾರದ 5ರಿಂದ 7ರ ತನಕ, ಸೀಳಿದೆ. ಸೀಳಿನ ಒಳಗೆ ಕೆಂಪು ಧೂಳು ಗಟ್ಟಿಯಾಗಿ ಕೂತಿದೆ. ಬೆರಳಿನಿಂದ ಒತ್ತಿದರೆ ಕರಕರ. ಮ್ಯಾಗ್ನೆಟ್ಟಿನ ತಟ್ಟೆಗೆ ತುಕ್ಕು. ಮೇಲಿಂದ ನೀರು ಹರಿದ ಬಿಳಿ ಗೆರೆಗಳು ಸ್ಪಷ್ಟ ಕಾಣುತ್ತವೆ. ಪ್ಯಾಡಿನ ಕ್ಲಿಪ್ಪುಗಳಲ್ಲಿ ಕೆಲವು ಮುರಿದು ಬಾಗಿಲಿನ ತಳದಲ್ಲಿ ಬಿದ್ದಿದ್ದವು, ಅವೂ ಸದ್ದು ಮಾಡುತ್ತಿದ್ದವು ಅನ್ನಿಸುತ್ತದೆ.

ಬಲಗಡೆ ಕೋನ್ ಸೀಳಿಲ್ಲ, ಆದರೆ ಅಂಚು ಒಣಗಿ ಬಿರುಸಾಗಿದೆ. ಎರಡನ್ನೂ ಬದಲಿಸುವುದು ಖಚಿತ. ಅಳತೆ ಆರೂವರೆ ಇಂಚು. ಆದರೆ ಹೊಸ ಸ್ಪೀಕರಿನ ಮ್ಯಾಗ್ನೆಟ್ ಗಾಜಿಗೆ ತಾಗಿದರೆ?

ಉದ್ಯಮಬಾಗ ಕಾಕಾ

ಇಷ್ಟು ನೋಡಿದಿರಿ ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ನೀರಿನ ಮಾತು. ಗಾಜಿನ ಪಕ್ಕದ ರಬ್ಬರ್ ಪಟ್ಟಿಯಿಂದ ಮಳೆ ನೀರು ಬಾಗಿಲೊಳಗೆ ಇಳಿಯುವುದು ತಪ್ಪಲ್ಲ, ಗಾಡಿ ಕಟ್ಟಿರುವುದೇ ಹಾಗೆ. ಇಳಿದ ನೀರು ತಳದ ತೂತುಗಳಿಂದ ಹೊರಗೆ ಹೋಗಬೇಕು. ಆ ತೂತುಗಳಲ್ಲಿ ಮಣ್ಣು ಕೂತಿರುತ್ತದೆ, ಕಡ್ಡಿ ಹಾಕಿ ತೆಗೆಯಿರಿ. ಶೀಟ್ ಅಂಟಿಸುವಾಗ ಅವನ್ನು ಮುಚ್ಚಬೇಡಿ. ಪ್ಲಾಸ್ಟಿಕ್ ಹಾಳೆ ಇರುವುದು ಆ ನೀರು ಪ್ಯಾಡಿಗೂ ಕಾರ್ಪೆಟ್ಟಿಗೂ ಬರದಿರಲಿ ಅಂತ. ದಪ್ಪ ಪಾಲಿಥೀನ್ ತಂದು ಹೊಸದು ಕತ್ತರಿಸಿ ಅಂಟಿಸಿ. ಇದನ್ನು ಮಾಡದೆ ಹೊಸ ಸ್ಪೀಕರ್ ಹಾಕಿದರೆ ಅದೂ ಇದೇ ದಾರಿ ಹಿಡಿಯುತ್ತದೆ.

ಆಳದ ಅಳತೆ. ಗಾಜು ಪೂರ್ತಿ ಇಳಿಸಿ, ಸ್ಪೀಕರ್ ತೂತಿನಲ್ಲಿ ಸ್ಕೇಲ್ ಹಾಕಿ ಗಾಜಿಗೆ ಎಷ್ಟು ದೂರ ನೋಡಿ. ನಡುವೆ ಗಾಜು ಎತ್ತುವ ಕೈ ಓಡಾಡುತ್ತದೆ, ಅದಕ್ಕೇ ಗಾಜು ಮೇಲೆ ಕೆಳಗೆ ಮಾಡಿಸಿ ನೋಡಬೇಕು. ಡಬ್ಬಿ ಮೇಲೆ ಮೌಂಟಿಂಗ್ ಡೆಪ್ತ್ ಅಂತ ಇರುತ್ತದೆ. ಅದಕ್ಕೂ ಗಾಜಿಗೂ ನಡುವೆ ಕನಿಷ್ಠ 5 ಮಿಲಿಮೀಟರ್ ಬಿಡಿ. ಹಳೇ ಗಾಡಿಯ ಗಾಜು ಅಲ್ಲಾಡುತ್ತದೆ. ಸಾಲದಿದ್ದರೆ ನಡುವೆ ರಿಂಗ್ ಹಾಕಿ ಸ್ಪೀಕರನ್ನು ಮುಂದೆ ತರಬೇಕು. ಎಷ್ಟೋ ಗಾಡಿಗಳಲ್ಲಿ ಕಂಪನಿ ಸ್ಪೀಕರಿನ ಪ್ಲಾಸ್ಟಿಕ್ ಫ್ರೇಮೇ ರಿಂಗಿನ ಕೆಲಸ ಮಾಡಿರುತ್ತದೆ, ಅದನ್ನು ತೆಗೆದರೆ ಜಾಗ ಕಮ್ಮಿ ಆಗುತ್ತದೆ.

ಮುಂದೆ ತಂದರೆ ಪ್ಯಾಡಿನ ಜಾಲರಿಗೆ ತಾಗುತ್ತದೆಯೇ ಅನ್ನುವುದು ಇನ್ನೊಂದು. ಅದಕ್ಕೆ ಮನೆಯಿಂದ ಒಂದಿಷ್ಟು ಕಣಕ ತನ್ನಿ. ಸ್ಪೀಕರ್ ಫ್ರೇಮಿನ ಅಂಚಿಗೂ ಟ್ವೀಟರಿನ (ಹೆಚ್ಚಿನ ಸ್ವರ ಹಾಡುವ ಪುಟ್ಟ ಸ್ಪೀಕರ್) ಮೇಲೂ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಗೋಲಿಯಷ್ಟು ಕಣಕ ಇಡಿ. ಪ್ಯಾಡ್ ಒತ್ತಿ ಕೂರಿಸಿ, ಮತ್ತೆ ತೆಗೆಯಿರಿ. ಕಣಕ ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಜಾಗ ಇದೆ ಅಂತ ಲೆಕ್ಕ. ಕಾಗದದಷ್ಟು ತೆಳ್ಳಗಾಗಿದ್ದರೆ ರಿಂಗ್ ದಪ್ಪ ಆಯಿತು.

ರಿಂಗಿಗೆ ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಬೇಡ. ನೀರು ಕುಡಿದು ಉಬ್ಬುತ್ತದೆ. ಅಡುಗೆಮನೆ ಕಪಾಟಿಗೆ ಹಾಕುವ ಪಿವಿಸಿ ಬೋರ್ಡಿನ ಚೂರು ಬಡಿಗೇರ ಹತ್ತಿರ ಸಿಗುತ್ತದೆ, 12 ಅಥವಾ 18 ಮಿಲಿಮೀಟರ್. ಉದ್ಯಮಬಾಗದಲ್ಲಿ ಯಾರಾದರೂ ಪರಿಚಯದವರಿದ್ದರೆ ಲೇಥಿನಲ್ಲಿ ಗುಂಡಗೆ ತಿರುಗಿಸಿ ಕೊಡುತ್ತಾರೆ.

ನವನಗರ ಮೇಷ್ಟ್ರು

ರಿಂಗಿನ ಬಗ್ಗೆ ಕಾಕಾ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ರಿಂಗು ಬರೀ ಜಾಗಕ್ಕಾಗಿ ಅಲ್ಲ. ಕೋನ್ ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಎಳೆಯುತ್ತದೆ. ನಡುವೆ ಸಂದಿ ಇದ್ದರೆ ಎರಡೂ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಮೊದಲು ಹೋಗುವುದು ಕೆಳಸ್ವರ. ಡಗ್ಗಾದ ತುಂಬು, ಮಂದ್ರದ ಷಡ್ಜ. ರಿಂಗಿಗೂ ತಗಡಿಗೂ ನಡುವೆ ತೆಳ್ಳನೆ ಫೋಮ್ ಟೇಪ್ ಹಾಕಿ ಬಿಗಿ ಮಾಡಿದರೆ, ಒಳ ತಗಡಿನ ದೊಡ್ಡ ತೂತುಗಳನ್ನು ಮುಚ್ಚಿದರೆ, ಅದೇ ಸ್ಪೀಕರ್ ಬೇರೆಯದೇ ಅನ್ನಿಸುತ್ತದೆ. ಬಾಸ್ ಟ್ಯೂಬ್ ಬೇಕು ಅನ್ನುವವರಲ್ಲಿ ಎಷ್ಟೋ ಜನರಿಗೆ ಬೇಕಾಗಿರುವುದು ಇದು.

ಖಾನಾಪುರ ಎಸ್ಟೀಮ್

ನನ್ನ ಮಾತು ಬೇರೆ. ಗಾಯನ ಕೇಳುವವರು ಕೊಆಕ್ಸಿಯಲ್, ಅಂದರೆ ಟ್ವೀಟರ್ ಕೋನಿನ ನಡುವೆಯೇ ಕೂತಿರುವ ಸ್ಪೀಕರ್, ಯಾಕೆ ಹಾಕಬೇಕು? ಕಾಂಪೊನೆಂಟ್ ಹಾಕಿ. ಬಾಗಿಲಿನ ಸ್ಪೀಕರ್ ಇರುವುದು ನಿಮ್ಮ ಮೊಣಕಾಲಿನ ಕೆಳಗೆ. ಹೆಚ್ಚಿನ ಸ್ವರ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತದೆ, ಕಾಲಿಗೆ, ಸೀಟಿಗೆ ಬಡಿದು ಅಲ್ಲೇ ಉಳಿಯುತ್ತದೆ. ಕಾಂಪೊನೆಂಟಿನಲ್ಲಿ ಟ್ವೀಟರ್ ಬೇರೆ, ಕನ್ನಡಿಯ ಒಳಮೂಲೆಯ ತ್ರಿಕೋನ ಪ್ಲಾಸ್ಟಿಕ್ ಮೇಲೆ ಕೂರಿಸಬಹುದು. ಮನ್ಸೂರರು ಡ್ಯಾಶ್‌ಬೋರ್ಡಿನ ಮೇಲೆ ಕೂತು ಹಾಡಿದ ಹಾಗೆ ಕೇಳಿಸುತ್ತದೆ. ಒಮ್ಮೆ ಹಾಗೆ ಕೇಳಿದವರು ಹಿಂದಕ್ಕೆ ಹೋಗುವುದಿಲ್ಲ.

ಮೀಡಿಯಂ ವೇವ್‌ನಲ್ಲಿ ಧಾರವಾಡ ಆಕಾಶವಾಣಿ, ಅದೇ 765 ಕಿಲೋಹರ್ಟ್ಸ್, ಮಾತ್ರ ಕೇಳುವವರಾದರೆ ಟ್ವೀಟರಿಗೆ ದುಡ್ಡು ಹಾಕಬೇಡಿ. ಆ ಬ್ಯಾಂಡಿನಲ್ಲಿ ಸ್ಟೇಷನ್ನುಗಳ ನಡುವಿನ ಅಂತರವೇ 9 ಕಿಲೋಹರ್ಟ್ಸ್, ಮೇಲಿನ ಸ್ವರ ಕಳಿಸುವುದೇ ಇಲ್ಲ. ಅದಕ್ಕೆ ಹಳೇ ಒಂಟಿ ಕೋನೇ ಚೆಂದ.

ಸೊಲ್ಲಾಪುರ ರೋಡ್ ಅಕ್ಕ

ಖಾನಾಪುರದವರ ಮಾತು ಖರೆ, ಆದರೆ ಟಿಳಕವಾಡಿಯವರ ಬಜೆಟ್ ನೋಡಿ ಅಣ್ಣಾ. 8 ಸಾವಿರದಲ್ಲಿ ಶೀಟು, ಕ್ಲಿಪ್ಪು, ರಿಂಗು, ಕೂಲಿ ಎಲ್ಲ ಬರಬೇಕು. ಆ ದುಡ್ಡಿಗೆ ಸಿಗುವ ಅಗ್ಗದ ಕಾಂಪೊನೆಂಟಿನಲ್ಲಿ ಕ್ರಾಸ್‌ಓವರ್ (ಹೆಚ್ಚಿನ ಸ್ವರ ಟ್ವೀಟರಿಗೆ, ಕೆಳಗಿನದು ಕೋನಿಗೆ ಹಂಚುವ ಭಾಗ) ಅಂದರೆ ಟ್ವೀಟರಿನ ವೈರಿಗೆ ಸಿಕ್ಕಿಸಿದ ಒಂದೇ ಕೆಪಾಸಿಟರ್. ಟ್ವೀಟರ್ ಮುಖಕ್ಕೆ ಹತ್ತಿರ ಇರುವುದರಿಂದ ತಾಳದ ಸದ್ದು ಕಿವಿಗೆ ಚುಚ್ಚುತ್ತದೆ. ಲೋಕಾಪುರ ಮುಟ್ಟುವುದರೊಳಗೆ ತಲೆನೋವು. ಒಳ್ಳೇ ಕಾಂಪೊನೆಂಟ್ ಒಳ್ಳೇದೇ. ಕಮ್ಮಿ ದುಡ್ಡಿನಲ್ಲಿ ಕಾಂಪೊನೆಂಟ್ ತರುವುದಕ್ಕಿಂತ ಅದೇ ದುಡ್ಡಿಗೆ ಒಳ್ಳೇ ಕೊಆಕ್ಸಿಯಲ್ ತರುವುದು ವಾಸಿ. ಈಗ ಎಷ್ಟೋ ಕೊಆಕ್ಸಿಯಲ್‌ಗಳಲ್ಲಿ ಟ್ವೀಟರನ್ನು ಓರೆ ಮಾಡಿ ಮೇಲಕ್ಕೆ ಮುಖ ಮಾಡಿಸಬಹುದು. ರೇಷ್ಮೆ ಅಥವಾ ಬಟ್ಟೆಯ ಗುಮ್ಮಟದ ಟ್ವೀಟರ್ ಕೇಳಿ, ಗಾಯನಕ್ಕೆ ಮೆತ್ತಗಿರುತ್ತದೆ.

ಖಾನಾಪುರ ಎಸ್ಟೀಮ್

ಒಪ್ಪಿದೆ ಅಕ್ಕಾ. 8 ಸಾವಿರ ಅನ್ನುವುದಾದರೆ ನೀವು ಹೇಳಿದ್ದೇ ಸರಿ. ಸ್ಪೀಕರಿಗೇ ಅಷ್ಟು ಇಟ್ಟರೆ ನನ್ನ ಮಾತು ನಿಲ್ಲುತ್ತದೆ.

ಗೋಕಾಕ ಅಂಬಾಸಿಡರ್

ಇಲ್ಲಿ ಇನ್ನೂ ಹಳೇ ಗಾಡಿಯವರು ಇದ್ದರೆ ಒಂದು ಮಾತು. ಹಿಂದಿನ ಕಾಲದ ರೇಡಿಯೊ ವೈರಿಂಗ್‌ನಲ್ಲಿ ಸ್ಪೀಕರಿನ ಮೈನಸ್ಸನ್ನು ಗಾಡಿಯ ತಗಡಿಗೇ ಕೊಟ್ಟಿರುತ್ತಿದ್ದರು. ಈಗಿನ ಡೆಕ್‌ನಲ್ಲಿ ಸ್ಪೀಕರಿನ ಎರಡೂ ತಂತಿ ಜೀವಂತ. ಒಂದನ್ನು ತಗಡಿಗೆ ಮುಟ್ಟಿಸಿದರೆ ಚಿಪ್ ಸುಡುತ್ತದೆ. ಅಂಬಾಸಿಡರ್, ಪದ್ಮಿನಿ, ಹಳೇ 800 ಇದ್ದವರು ಪ್ರತಿ ಸ್ಪೀಕರಿಗೂ ಎರಡೆರಡು ಹೊಸ ವೈರ್ ಎಳೆಸಿ.

ಜಮಖಂಡಿ 48

ಸ್ವಿಫ್ಟಿನಂಥ ಗಾಡಿಗೂ ವೈರ್ ದಪ್ಪದ್ದು ಎಳೆಸಬೇಕಾ? ಅಂಗಡಿಯಲ್ಲಿ ಅದಕ್ಕೇ ಬೇರೆ ಬಿಲ್ ಹೇಳುತ್ತಾರೆ.

ನವನಗರ ಮೇಷ್ಟ್ರು

ಬೇಡ. ಅರ್ಧ ಚದರ ಮಿಲಿಮೀಟರಿನ ತಾಮ್ರದ ವೈರ್ ಹೋಗಿ ಬಂದು 6 ಮೀಟರ್ ಆದರೂ ಅದರ ರೆಸಿಸ್ಟೆನ್ಸ್ 0.2 ಓಮ್. 4 ಓಮಿನ ಮುಂದೆ ಅದು ಕಿವಿಗೆ ಗೊತ್ತಾಗುವಷ್ಟಲ್ಲ. ತುದಿಯಲ್ಲಿ ತಾಮ್ರ ಹಸಿರಾಗಿದ್ದರೆ ಕತ್ತರಿಸಿ ಹೊಸ ಲಗ್ ಹಾಕಿಸು, ಸಾಕು. ಆಂಪ್ ಹಾಕುವ ದಿನ ಬಂದರೆ ಬ್ಯಾಟರಿಯಿಂದ ಬರುವ ವೈರಿನ ಮಾತು ಬೇರೆ. ಅದು ದಪ್ಪ ಇರಬೇಕು, ಪೂರ್ತಿ ತಾಮ್ರದ್ದಿರಬೇಕು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಬೇಕು. ತಾಮ್ರ ಬಳಿದ ಅಲ್ಯೂಮಿನಿಯಂ ವೈರನ್ನು ತಾಮ್ರ ಅಂತ ಮಾರುತ್ತಾರೆ. ತುದಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ.

ಟಿಳಕವಾಡಿ ಸ್ವಿಫ್ಟ್

ಎಲ್ಲರ ಮಾತು ಕೇಳಿ ಕೆಲಸ ಮುಗಿಸಿದೆ. ಮುಂದಿನ ಜೋಡಿ ಮಾತ್ರ ಬದಲಿಸಿದ್ದು. ಆರೂವರೆ ಇಂಚಿನ ಕೊಆಕ್ಸಿಯಲ್, 4 ಓಮ್, 1 ವಾಟಿಗೆ 91 ಡಿಬಿ, ರಬ್ಬರ್ ಅಂಚು, ಬಟ್ಟೆಯ ಟ್ವೀಟರ್. ಪಕ್ಕದಲ್ಲೇ ಎರಡರಷ್ಟು ವಾಟ್ ಬರೆದ ಇನ್ನೊಂದು ಡಬ್ಬಿ ಇತ್ತು, ಅದರ ಡಿಬಿ ಕಮ್ಮಿ, ಅದಕ್ಕೇ ಬಿಟ್ಟೆ. ಬಿಲ್ಲು, ವಾರಂಟಿ ಕಾರ್ಡು ಕೇಳಿ ತೆಗೆದುಕೊಂಡೆ. 12 ಮಿಲಿಮೀಟರಿನ ಪಿವಿಸಿ ರಿಂಗ್, ಸ್ಪೀಕರಿನ ಹಿಂದೆ ಬ್ಯೂಟೈಲ್ ಶೀಟು, ಹೊಸ ಪಾಲಿಥೀನ್ ಹಾಳೆ, ಹೊಸ ಕ್ಲಿಪ್ಪು. ಎಲ್ಲ ಸೇರಿ 8 ಸಾವಿರದೊಳಗೇ ಆಯಿತು. ಸಿಕ್ಸ್ ಬೈ ನೈನೂ ಇಲ್ಲ, ಬಾಸ್ ಟ್ಯೂಬೂ ಇಲ್ಲ.

ಪ್ಯಾಡ್ ಮುಚ್ಚುವ ಮೊದಲು ಪೆನ್ಸಿಲ್ ಸೆಲ್ಲಿನಿಂದ ಪ್ಲಸ್ ಮೈನಸ್ ನೋಡಿದೆವು. ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್ಸಿಗೆ ಕ್ಷಣಮಾತ್ರ ಮುಟ್ಟಿಸಿದರೆ ಕೋನ್ ಹೊರಗೆ ಬರಬೇಕು. ಡೆಕ್ಕಿನ ಕಡೆ ವೈರ್ ಬಿಚ್ಚಿಟ್ಟು ಆ ತುದಿಯಿಂದಲೇ ಮುಟ್ಟಿಸಿದ್ದರಿಂದ ಒಳಗಿನ ವೈರೂ ಪರೀಕ್ಷೆ ಆಯಿತು. ಎರಡೂ ಕಡೆ ಹೊರಗೇ ಬಂತು. ಒಂದು ಉಲ್ಟಾ ಆಗಿದ್ದರೆ ಬಾಸ್ ಭಾಳ ಕಮ್ಮಿ ಆಗುತ್ತಿತ್ತು.

ಡೆಕ್ಕಿನಲ್ಲಿ ಬಾಸ್ ಬೂಸ್ಟ್ ಬಂದ್. ಹೈ ಪಾಸ್ ಫಿಲ್ಟರ್ (ತೀರಾ ಕೆಳಗಿನ ಸ್ವರ ತಡೆಯುವುದು) 80 ಹರ್ಟ್ಸ್‌ಗೆ ಇಟ್ಟೆ. ಫೇಡರ್ (ಮುಂದೆ ಹಿಂದೆ ಸದ್ದು ಹಂಚುವುದು) ಸ್ವಲ್ಪ ಮುಂದಕ್ಕೆ.

ಕುಮಾರ ಗಂಧರ್ವರ ನಿರ್ಗುಣಿ ಭಜನೆ ಹಾಕಿ ಬಾಗಲಕೋಟೆಗೆ ಹೋಗಿ ಬಂದೆವು. ಅವರು ಹುಟ್ಟಿದ್ದು ನಮ್ಮ ಸುಳೇಭಾವಿಯಲ್ಲಿ, 1924ರಲ್ಲಿ. ಬೆಳಗಾವಿಯವರಿಗೆ ಆ ಧ್ವನಿಯ ಮೇಲೆ ಒಂದು ಮಮತೆ ಜಾಸ್ತಿ. ಅವರು ಸ್ವರವನ್ನು ಎಸೆದು ಥಟ್ಟನೆ ಬಿಟ್ಟುಬಿಡುತ್ತಾರಲ್ಲ, ಆ ಬಿಟ್ಟ ಜಾಗದಲ್ಲಿ ಹಿಂದಿನ ತಂಬೂರಿ ಬೇರೆಯಾಗಿ, ತಂತಿ ತಂತಿಯಾಗಿ ಕೇಳಿಸುತ್ತದೆ. ಈ ಗಾಡಿಯಲ್ಲಿ ಮೊದಲು ಅದು ಬರೀ ಗುಂಯ್ ಅನ್ನುವ ಸದ್ದಾಗಿತ್ತು. ಡಗ್ಗಾ ಈಗ ಗರ್ರ್ ಅನ್ನುವುದಿಲ್ಲ, ತುಂಬಿ ಬರುತ್ತದೆ. ವಾಲ್ಯೂಮ್ ಮೊದಲಿಗಿಂತ ಕೆಳಗೇ ಸಾಕು.

ಉದ್ಯಮಬಾಗ ಕಾಕಾ

ಭಾಳ ಸಂತೋಷ ಆಯಿತು. ಒಂದು ಮಳೆ ಬಿದ್ದ ಮೇಲೆ ಕಾರ್ಪೆಟ್ ಒದ್ದೆ ಆಗಿದೆಯೇ ಅಂತ ಕೈಯಿಟ್ಟು ನೋಡಿ. ಆಗಿದ್ದರೆ ಪಾಲಿಥೀನಿನ ಕೆಳ ಅಂಚು ಸರಿಯಾಗಿ ಒಳಗೆ ಹೋಗಿಲ್ಲ ಅಂತ ಅರ್ಥ. ಅದರ ಕೆಳತುದಿ ತಗಡಿನ ಸಂದಿಯೊಳಗೆ ಇಳಿದಿರಬೇಕು.

ಜಮಖಂಡಿ 48

ಅಣ್ಣಾ, ಹಿಂದಿನ ಎರಡು ಸ್ಪೀಕರ್ ಹಳೇವೇ ಬಿಟ್ಟಿರಾ? ಅವೂ ಕಾಗದದವೇ ಅಲ್ವಾ?

ಟಿಳಕವಾಡಿ ಸ್ವಿಫ್ಟ್

ಹೌದು ತಮ್ಮಾ, ಹಳೇವೇ ಇವೆ. ಬೆರಳಿಟ್ಟು ಒತ್ತಿ ನೋಡಿದೆ, ಉಜ್ಜುತ್ತಿಲ್ಲ, ಅಂಚು ಸೀಳಿಲ್ಲ. ಹಿಂದೆ ಕೂತವರಿಗೆ ಅಷ್ಟು ಸಾಕು. ಮುಂದಿನ ವಾರ ಆ ಬಾಗಿಲುಗಳ ಪ್ಯಾಡನ್ನೂ ಬಿಚ್ಚಿ ಪ್ಲಾಸ್ಟಿಕ್ ಹಾಳೆ ಮಾತ್ರ ಹೊಸದು ಹಾಕುತ್ತೇನೆ. ನಿನ್ನ ಗೆಳೆಯನ ಸ್ಪೀಕರಿನ ಡಿಬಿ ಎಷ್ಟು ಅಂತ ನೋಡಿ ಬರೆ.